ಫೋರಂ ಕಾಲದ ಬೆಂಗಳೂರು

2004ರ ಜನವರಿಯಲ್ಲಿ ಕೋರಮಂಗಲದ ಹೊಸೂರು ರಸ್ತೆಯಲ್ಲಿ ಫೋರಂ ಮಾಲ್ ಬಾಗಿಲು ತೆರೆಯಿತು. ಆಗ ಹತ್ತು ಹನ್ನೆರಡು ವರ್ಷದವರಾಗಿದ್ದ ಮಕ್ಕಳು ಈಗ ಮೂವತ್ತು ದಾಟಿದ್ದಾರೆ. ಮಾಲ್‌ನ ನೆನಪು ಬಾಲ್ಯದ ನೆನಪೂ ಆಗಿರುವ ಬೆಂಗಳೂರಿನ ಮೊದಲ ತಲೆಮಾರು ಇವರದು. ಇವರಿಗಿಂತ ಹಿರಿಯರು ನೆನೆಯುವುದು ಪ್ಲಾಜಾ, ರೆಕ್ಸ್ ಚಿತ್ರಮಂದಿರಗಳನ್ನು, ಎಂ.ಜಿ. ರಸ್ತೆಯ ಕಾಫಿ ಹೌಸನ್ನು, ಪ್ರೀಮಿಯರ್ ಪುಸ್ತಕದಂಗಡಿಯನ್ನು. ಆ ನೆನಪುಗಳ ಬಗ್ಗೆ ಎಷ್ಟೋ ಬರಹಗಳು ಬಂದಿವೆ. ಮಾಲ್‌ಗಳ ನೆನಪಿಗೆ ಅಂಥ ಮಾನ ಇನ್ನೂ ಸಿಕ್ಕಿಲ್ಲ. ಕೊಳ್ಳುಬಾಕತನದ ಗುರುತೆಂದು ಎಲ್ಲರೂ ಬೈಯುವ ಕಟ್ಟಡದ ಮೇಲೆ ಮಮತೆಯಿದೆ ಎಂದು ಹೇಳಿಕೊಳ್ಳಲು ಸಂಕೋಚವೂ ಇರಬಹುದು. ಆದರೆ ಎಳೆಯರು ಅಲ್ಲಿ ಕೊಂಡದ್ದು ತೀರ ಕಡಿಮೆ. ಅವರು ಅಲ್ಲಿಗೆ ಹೋಗುತ್ತಿದ್ದುದು ಹೊತ್ತು ಕಳೆಯಲು, ಗೆಳೆಯರೊಂದಿಗೆ ಇರಲು. ಮಾಲ್‌ಗಳ ಬಗೆಗಿನ ಹಂಬಲದ ಮೂಲವೂ ಅದೇ.

ಮಾಲ್‌ಗೆ ಮುಂಚಿನ ಬೆಂಗಳೂರಿನಲ್ಲಿ ವ್ಯಾಪಾರದ ಜಾಗಗಳಿಗೆ ಕೊರತೆಯಿರಲಿಲ್ಲ. ಪೇಟೆಯ ಅಂಚಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ, ದಂಡು ಪ್ರದೇಶದಲ್ಲಿ 1927ರ ರಸೆಲ್ ಮಾರ್ಕೆಟ್. ಬಟ್ಟೆಗೆ ಚಿಕ್ಕಪೇಟೆ ಮತ್ತು ಕಮರ್ಷಿಯಲ್ ಸ್ಟ್ರೀಟ್. ಬಡಾವಣೆಗಳು ಬೆಳೆದಂತೆ ‘ಕಾಂಪ್ಲೆಕ್ಸ್’ ಎಂಬ ಹೊಸ ಬಗೆ ಬಂತು. ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸ್‌ನಲ್ಲಿ ತರಕಾರಿಯಿಂದ ಪಾತ್ರೆ, ಬಟ್ಟೆಯವರೆಗೆ ಎಲ್ಲವೂ ಸಿಗುತ್ತಿತ್ತು. ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರವೂ ಅಲ್ಲೇ ಇತ್ತು. ಇಂದಿರಾನಗರ, ಕೋರಮಂಗಲಗಳಲ್ಲಿ ಬಿಡಿಎ ಕಾಂಪ್ಲೆಕ್ಸ್‌ಗಳಿದ್ದವು. ಇವು ಸರ್ಕಾರಿ ಕಟ್ಟಡಗಳು. ಗಾಳಿ ಬೆಳಕಿಗೆ ತೆರೆದುಕೊಂಡಿದ್ದವು, ಮೆಟ್ಟಿಲ ಮೇಲೆ ಯಾರು ಬೇಕಾದರೂ ಕೂರಬಹುದಿತ್ತು.

ಮಕ್ಕಳ ಕಣ್ಣಿಗೆ ಅಂಗಡಿಯೇ ಜಾತ್ರೆಯಾದದ್ದು ಎಂ.ಜಿ. ರಸ್ತೆಯ ಕಿಡ್ಸ್ ಕೆಂಪ್‌ನಿಂದ. ಅದರ ಮುಂದುವರಿಕೆಯಾಗಿ ಆಗಿನ ವಿಮಾನ ನಿಲ್ದಾಣ ರಸ್ತೆಯಲ್ಲಿ ಕೋಟೆಯ ಆಕಾರದ ಕೆಂಪ್ ಫೋರ್ಟ್ ಎದ್ದಿತು. ಅದರ ಹಿಂಬದಿಯಲ್ಲಿ 1995ರಲ್ಲಿ 65 ಅಡಿ ಎತ್ತರದ ಶಿವನ ಮೂರ್ತಿಯೂ ಬಂತು. ಶಿವನನ್ನು ನೋಡಲು ಬಂದ ಸಂಸಾರ ಕೋಟೆಯೊಳಗೂ ಒಂದು ಸುತ್ತು ಹಾಕಿ ಹೋಗುತ್ತಿತ್ತು. ಭಕ್ತಿ, ಆಟಿಕೆ, ಬಟ್ಟೆ ಒಂದೇ ಆವರಣದಲ್ಲಿ ಸೇರಿದ್ದ ಈ ವಿಚಿತ್ರ ಜೋಡಣೆಯನ್ನು ತೊಂಬತ್ತರ ದಶಕದ ಮಕ್ಕಳು ಇಂದಿಗೂ ಮರೆತಿಲ್ಲ. ಅದೇ ದಶಕದಲ್ಲಿ ಬ್ರಿಗೇಡ್ ರಸ್ತೆ ಹೊಸ ರುಚಿಗಳ ಬೀದಿಯಾಯಿತು. ಭಾರತದ ಮೊದಲ ಕೆಎಫ್‌ಸಿ 1995ರಲ್ಲಿ ಅಲ್ಲಿ ತೆರೆಯಿತು. ಮರುವರ್ಷದ ಜನವರಿಯಲ್ಲಿ ರೈತಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದರು. 1996ರಲ್ಲಿ ಅದೇ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಶುರುವಾಯಿತು. ಮಾಲ್ ಬರುವ ಹೊತ್ತಿಗೆ ಅದಕ್ಕೆ ಬೇಕಾದ ಗಿರಾಕಿಗಳು ಇಲ್ಲಿ ತಯಾರಾಗಿದ್ದರು. ಸಾಫ್ಟ್‌ವೇರ್ ಕಂಪನಿಗಳ ಸಂಬಳ ಕೈ ಸೇರುತ್ತಿತ್ತು, ಕಾಲೇಜು ಹುಡುಗರ ಕೈಯಲ್ಲೂ ಒಂದಿಷ್ಟು ಕಾಸಿತ್ತು.

ಮಾಲ್ ಎಂಬ ಕಟ್ಟಡದ ಮಾದರಿ ಅಮೆರಿಕದ್ದು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ 1956ರಲ್ಲಿ ಮಿನಿಯಾಪೊಲಿಸ್ ಬಳಿಯ ಈಡೈನಾದಲ್ಲಿ ಸೌತ್‌ಡೇಲ್ ಸೆಂಟರ್ ಕಟ್ಟಿದರು. ಹಿಮದ ನಾಡಿನಲ್ಲಿ ವರ್ಷವಿಡೀ ಒಂದೇ ಹದದ ಗಾಳಿ, ಬೀದಿಗೆ ಬೆನ್ನು ಮಾಡಿ ಒಳಮುಖವಾಗಿ ನಿಂತ ಅಂಗಡಿಗಳು, ನಡುವೆ ಬೆಳಕು ತುಂಬಿದ ಅಂಗಳ. ಯುರೋಪಿನ ಊರುಗಳ ನಡುಚೌಕಕ್ಕೆ ಬದಲಿಯಾಗಿ, ಜನ ಬೆರೆಯುವ ಜಾಗವಾಗಿ ಅವರು ಅದನ್ನು ಕಲ್ಪಿಸಿಕೊಂಡಿದ್ದರು. ಅಂಗಡಿ ಮಾತ್ರ ಉಳಿದು ಊರಿನ ಬದುಕು ಸೇರಿಕೊಳ್ಳದ್ದನ್ನು ಕಂಡು ಕೊನೆಗಾಲದಲ್ಲಿ ಅವರೇ ಮಾಲ್‌ಗಳನ್ನು ನಿರಾಕರಿಸಿದರು. ಭಾರತಕ್ಕೆ ಈ ಮಾದರಿ ದೊಡ್ಡ ಸದ್ದಿನೊಂದಿಗೆ ಬಂದದ್ದು 1999ರಲ್ಲಿ, ದೆಹಲಿಯ ಅನ್ಸಲ್ ಪ್ಲಾಜಾ ಮತ್ತು ಮುಂಬೈಯ ಕ್ರಾಸ್‌ರೋಡ್ಸ್ ಮೂಲಕ. ಕ್ರಾಸ್‌ರೋಡ್ಸ್‌ನಲ್ಲಿ ಆರಂಭದ ದಿನಗಳಲ್ಲಿ ಮೊಬೈಲ್ ಫೋನ್ ಅಥವಾ ಕ್ರೆಡಿಟ್ ಕಾರ್ಡ್ ತೋರಿಸಿದವರನ್ನಷ್ಟೇ ಪುಕ್ಕಟೆಯಾಗಿ ಒಳಗೆ ಬಿಡುತ್ತಿದ್ದರು. ಟೀಕೆ ಹೆಚ್ಚಿದ ಮೇಲೆ ಆ ನಿಯಮ ಹೋಯಿತು.

ಬೆಂಗಳೂರಿನಲ್ಲಿ 2004ರಿಂದ ಒಂದೆರಡು ವರ್ಷಗಳೊಳಗೆ ಮೂರು ಹೆಸರುಗಳು ಮನೆಮಾತಾದವು. ಪ್ರೆಸ್ಟೀಜ್ ಸಂಸ್ಥೆ ಕಟ್ಟಿದ ಫೋರಂ ಮೊದಲನೆಯದು. ರೆಸಿಡೆನ್ಸಿ ರಸ್ತೆಯಲ್ಲಿ, ದೊಡ್ಡ ಮರಗಳ ನೆರಳಿನ ವಿಕ್ಟೋರಿಯಾ ಹೋಟೆಲ್ ಇದ್ದ ಜಾಗದಲ್ಲಿ, 2004ರಲ್ಲೇ ಬೆಂಗಳೂರು ಸೆಂಟ್ರಲ್ ಬಂತು. ಮರುವರ್ಷ ಮಗ್ರಾತ್ ರಸ್ತೆಯಲ್ಲಿ, ನಗರಪಾಲಿಕೆಯ ಜಾಗದಲ್ಲಿ, ಬಹುಮಹಡಿ ಪಾರ್ಕಿಂಗ್ ಸಹಿತ ಗರುಡಾ ಮಾಲ್ ಎದ್ದಿತು. ಒಬ್ಬರ ನೆನಪಿನ ಹೋಟೆಲ್ ಅಳಿದು ಇನ್ನೊಬ್ಬರ ನೆನಪಿನ ಮಾಲ್ ಆಗುವುದು ಈ ನಗರದಲ್ಲಿ ಅಲ್ಲಿಂದ ಮುಂದೆ ಮತ್ತೆ ಮತ್ತೆ ನಡೆದಿದೆ.

ಆ ವರ್ಷಗಳ ಅನುಭವದಲ್ಲಿ ಹೊಸತೇನಿತ್ತು ಎಂಬುದನ್ನು ಬಿಡಿಸಿ ನೋಡಬೇಕು. ಎಷ್ಟೋ ಮನೆಗಳಲ್ಲಿ ಬೇಸಿಗೆ ಬಿಟ್ಟರೆ ಫ್ಯಾನ್ ಕೂಡ ತಿರುಗದಿದ್ದ ಊರಿಗೆ ಏಸಿಯ ತಂಪು ಸೆಕೆಯ ಪರಿಹಾರವಾಗಿ ಬೇಕಿರಲಿಲ್ಲ. ಹೊಸೂರು ರಸ್ತೆಯ ಧೂಳು, ಹೊಗೆ, ಹಾರ್ನ್‌ಗಳಿಂದ ಗಾಜಿನ ಬಾಗಿಲೊಂದು ದಾಟಿದೊಡನೆ ಸಿಗುತ್ತಿದ್ದ ಬಿಡುಗಡೆಯೇ ಅಲ್ಲಿ ಮುಖ್ಯವಾಗಿತ್ತು. ಎಸ್ಕಲೇಟರ್ ಮುಂದೆ ಸೀರೆಯ ನೆರಿಗೆ ಹಿಡಿದು ನಿಂತು, ಮೊದಲ ಹೆಜ್ಜೆ ಇಡಲಾಗದೆ ಮೆಟ್ಟಿಲು ಹುಡುಕುತ್ತಿದ್ದ ಅಜ್ಜಿಯರು, ಅವರ ಕೈ ಹಿಡಿದು ಹತ್ತಿಸುತ್ತಿದ್ದ ಮೊಮ್ಮಕ್ಕಳು: ದೊಡ್ಡವರಿಗಿಂತ ಮಕ್ಕಳಿಗೇ ಹೆಚ್ಚು ಗೊತ್ತಿದ್ದ ಜಾಗ ಅದು.

ಅದಕ್ಕಿಂತ ದೊಡ್ಡ ಬದಲಾವಣೆ ಗಲ್ಲಾದ ಎದುರು ಆಯಿತು. ಚಿಕ್ಕಪೇಟೆಯ ಅಂಗಡಿಯಲ್ಲಿ ಕಾಲಿಟ್ಟ ಕೂಡಲೇ ‘ಏನು ಬೇಕು?’ ಎಂದು ಕೇಳುತ್ತಾರೆ; ಬೇಕಾದದ್ದು ಹೇಳಲಾಗದವರಿಗೆ ಅಲ್ಲಿ ನಿಲ್ಲಲು ಕಾರಣವಿಲ್ಲ. ಮಾಲ್‌ನಲ್ಲಿ ಯಾರೂ ಕೇಳುತ್ತಿರಲಿಲ್ಲ. ಶರಟಿನ ಬಟ್ಟೆ ಮುಟ್ಟಿ ನೋಡಬಹುದು, ಶೂ ಹಾಕಿ ನಾಲ್ಕು ಹೆಜ್ಜೆ ನಡೆಯಬಹುದು, ಬೆಲೆ ನೋಡಿ ಮೆಲ್ಲಗೆ ಅಲ್ಲೇ ಇಟ್ಟು ಬರಬಹುದು. ಫೋರಂನ ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿ ಈ ಸ್ವಾತಂತ್ರ್ಯದ ಉತ್ತಮ ಉದಾಹರಣೆ. ಕಪಾಟುಗಳ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತು ಕಾಮಿಕ್ಸ್ ಓದುತ್ತಿದ್ದ ಮಕ್ಕಳನ್ನು ಎಬ್ಬಿಸುವವರು ಇರಲಿಲ್ಲ. ಬಡಾವಣೆಯಲ್ಲಿ ಗ್ರಂಥಾಲಯವಿದ್ದರೂ ಮಕ್ಕಳಿಗೆ ಹೀಗೆ ಹರಡಿಕೊಂಡು ಕೂರಲು ಜಾಗವಿರದಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹುಡುಗಿಯರ ಪಾಲಿಗೆ ಮಾಲ್ ಇನ್ನೂ ಹೆಚ್ಚಿನದನ್ನು ಕೊಟ್ಟಿತು. ಬೀದಿಯಲ್ಲೋ ಪಾರ್ಕಿನಲ್ಲೋ ಮೂವರು ಗೆಳತಿಯರು ಎರಡು ತಾಸು ಸುಮ್ಮನೆ ಕೂತರೆ ನೂರು ಕಣ್ಣುಗಳು ಬೀಳುತ್ತವೆ. ಫುಡ್ ಕೋರ್ಟಿನಲ್ಲಿ ಒಂದು ಪ್ಲೇಟ್ ಫ್ರೆಂಚ್ ಫ್ರೈಸ್ ಮುಂದಿಟ್ಟುಕೊಂಡು ಕೂತರೆ ಯಾರೂ ತಿರುಗಿ ನೋಡರು. ಬಾಗಿಲಲ್ಲಿ ಸೆಕ್ಯೂರಿಟಿಯವರಿದ್ದಾರೆ ಎಂಬ ಧೈರ್ಯದಿಂದ ಮನೆಯವರು ಕಳಿಸುತ್ತಿದ್ದರು. ಶುಚಿಯಾದ ಶೌಚಾಲಯ ಇತ್ತು. ನಗರದ ಬೀದಿಗಳಲ್ಲಿ ಹೆಂಗಸರಿಗೆ ಅದು ಎಷ್ಟು ಅಪರೂಪ ಎಂದು ತಿಳಿದವರಿಗೆ ಈ ಮಾತಿನ ತೂಕ ಗೊತ್ತು. ಮಾಲ್ ಸಂಸ್ಕೃತಿಯನ್ನು ಟೀಕಿಸುವ ಬರಹಗಳಲ್ಲಿ ಈ ಭಾಗ ಬಹುಮಟ್ಟಿಗೆ ಕಾಣೆಯಾಗಿರುತ್ತದೆ, ಅದು ಅನ್ಯಾಯ.

ಫೋರಂನ ಮೇಲಂತಸ್ತಿನಲ್ಲಿ ಹನ್ನೊಂದು ಪರದೆಗಳ ಪಿವಿಆರ್ ಇತ್ತು. ಕನ್ನಡ ಚಿತ್ರರಂಗದ ಚರಿತ್ರೆಯ ಒಂದು ಮುಖ್ಯ ಪುಟ ಬರೆದದ್ದು ಅಲ್ಲೇ. 2006ರ ಡಿಸೆಂಬರ್ 29ರಂದು ತೆರೆಕಂಡ, ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’ ಆ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅಲ್ಲಿಯವರೆಗೆ ಕನ್ನಡ ಸಿನಿಮಾದ ಗೆಲುವನ್ನು ಅಳೆಯುತ್ತಿದ್ದುದು ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದಿನ ಕಟೌಟು, ಹಾರಗಳಲ್ಲಿ. ಕನ್ನಡದ ಪ್ರೇಕ್ಷಕರು ಮಾಲ್‌ಗೆ ಬರುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಮಳೆಯಲ್ಲಿ ತೊಯ್ದ ನಾಯಕ ಪ್ರೀತಂನ ಕಥೆ ಅದನ್ನು ಸುಳ್ಳು ಮಾಡಿತು. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್ ಆಡುತ್ತಿದ್ದ ಎಷ್ಟೋ ಹರೆಯದವರು ಮಾಲ್‌ನ ಕತ್ತಲಲ್ಲಿ ಮೊದಲ ಬಾರಿ ಗೆಳೆಯರ ಗುಂಪಿನೊಂದಿಗೆ ಕನ್ನಡ ಸಿನಿಮಾ ನೋಡಿದರು. ಅವರ ಪಾಲಿಗೆ ಫೋರಂ ಮತ್ತು ‘ಮುಂಗಾರು ಮಳೆ’ ಒಂದೇ ನೆನಪಿನ ಎರಡು ಹೆಸರುಗಳು.

ಈ ಅಂಗಳಕ್ಕೆ ಎಲ್ಲರಿಗೂ ಪ್ರವೇಶವಿತ್ತು ಎಂದು ಮಾತ್ರ ಹೇಳಲಾಗದು. ಚೀಟಿ ಕೇಳದಿದ್ದರೂ ಬಟ್ಟೆ, ಚಪ್ಪಲಿ, ಮಾತಿನ ಧಾಟಿ ನೋಡಿ ಬಾಗಿಲಲ್ಲೇ ತಡೆಯುವ ನೋಟವೊಂದಿತ್ತು. 2024ರ ಜುಲೈನಲ್ಲಿ ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಮಾಗಡಿ ರಸ್ತೆಯ ಮಾಲೊಂದು ಒಳಗೆ ಬಿಡಲಿಲ್ಲ. ಸುದ್ದಿ ಹರಡಿ, ವಿಧಾನಸಭೆಯಲ್ಲೂ ಪ್ರಸ್ತಾಪವಾಗಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಮಾಲ್‌ನ ಮುದ್ದಾದ ನೆನಪು ಇರುವವರು ಬಹುಪಾಲು ಆ ಬಾಗಿಲನ್ನು ಅಳುಕಿಲ್ಲದೆ ದಾಟಿದವರು. ಅದೇ ವಯಸ್ಸಿನ, ಅದೇ ಊರಿನ ಬೇರೆ ಮಕ್ಕಳ ನೆನಪಿನಲ್ಲಿ ಉಳಿದದ್ದು ಗಾಜಿನ ಹೊರಗಿನ ನೋಟ. ಈ ಇಬ್ಬಗೆಯನ್ನು ಬಿಟ್ಟು ಮಾಲ್‌ಗಳ ಕಥೆ ಬರೆದರೆ ಅದು ಅರ್ಧ ಕಥೆ.

ಹಳೆಯ ಮಾಲ್‌ಗಳ ಹೊಳಪು ಕುಂದಲು ಮೊದಲ ಕಾರಣ ಹೊಸ ಮಾಲ್‌ಗಳೇ. 2008ರಲ್ಲಿ ಯುಬಿ ಸಿಟಿ, 2010ರಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್, 2011ರಲ್ಲಿ ವೈಟ್‌ಫೀಲ್ಡ್ ಕಡೆಯ ಫೀನಿಕ್ಸ್ ಮಾರ್ಕೆಟ್‌ಸಿಟಿ, 2012ರಲ್ಲಿ ರಾಜಾಜಿನಗರದ ಒರಾಯನ್, 2021ರಲ್ಲಿ ಲುಲು, 2023ರಲ್ಲಿ ಮಾಲ್ ಆಫ್ ಏಷ್ಯಾ. ಒಂದನ್ನು ಮೀರಿಸಿ ಇನ್ನೊಂದು ಬೆಳೆದಂತೆ ಊರಿಗೆಲ್ಲ ಒಂದೇ ಎಂಬಂತಿದ್ದ ಸಮಾಗಮದ ಜಾಗ ಇಲ್ಲವಾಯಿತು. ಪ್ರತಿ ದಿಕ್ಕಿನವರಿಗೂ ಅವರದೇ ಮಾಲ್.

ಎರಡನೇ ಕಾರಣ ಕೋರಮಂಗಲದಲ್ಲೇ ಹುಟ್ಟಿತು. 2007ರಲ್ಲಿ ಅಲ್ಲಿನ ಒಂದು ಫ್ಲ್ಯಾಟಿನಲ್ಲಿ ಇಂಟರ್‌ನೆಟ್ ಮೂಲಕ ಪುಸ್ತಕ ಮಾರುವ ಫ್ಲಿಪ್‌ಕಾರ್ಟ್ ಆರಂಭವಾಯಿತು. ಅದೇ ವರ್ಷ ಶುರುವಾದ ಮಿಂತ್ರಾ ಕೂಡ ಬೆಂಗಳೂರಿನದೇ. ಪುಸ್ತಕ, ಸಿ.ಡಿ., ಆಮೇಲೆ ಬಟ್ಟೆ, ಶೂ ಎಲ್ಲ ಮನೆ ಬಾಗಿಲಿಗೆ ಬರತೊಡಗಿದವು. ಹಾಡಿನ ಸಿ.ಡಿ. ಮಾರುತ್ತಿದ್ದ ಅಂಗಡಿಗಳು ಮೊದಲು ಹೋದವು, ಲ್ಯಾಂಡ್‌ಮಾರ್ಕ್‌ನಂಥ ದೊಡ್ಡ ಪುಸ್ತಕ ಮಳಿಗೆಗಳು ಹಿಂದೆಯೇ ಹೋದವು. ಮಕ್ಕಳು ನೆಲದ ಮೇಲೆ ಕೂತು ಓದುತ್ತಿದ್ದ ಜಾಗಗಳು ಇವೇ ಎಂಬುದು ಗಮನಿಸಬೇಕಾದ ಸಂಗತಿ. ಬಟ್ಟೆಯ ಮಳಿಗೆಗಳು ಉಳಿದುಕೊಂಡವು, ಕೊಳ್ಳದೆಯೂ ಇರಬಹುದಾದ ಮಳಿಗೆಗಳು ಉಳಿಯಲಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ರಾಜ್ಯದ ಮಾಲ್, ಚಿತ್ರಮಂದಿರಗಳು ಮುಚ್ಚಿದವು. ಮತ್ತೆ ತೆರೆದಾಗ ಎಷ್ಟೋ ಫಲಕಗಳು ಇರಲಿಲ್ಲ. ಅದೇ ಹೊತ್ತಿಗೆ ಒಡೆತನವೂ ಬದಲಾಯಿತು. ಪ್ರೆಸ್ಟೀಜ್ ತನ್ನ ಮಾಲ್‌ಗಳನ್ನು ಬ್ಲ್ಯಾಕ್‌ಸ್ಟೋನ್ ಎಂಬ ಅಮೆರಿಕದ ಹೂಡಿಕೆ ಸಂಸ್ಥೆಗೆ ಮಾರಿದ ಮೇಲೆ ಫೋರಂ ‘ನೆಕ್ಸಸ್’ ಆಯಿತು. ಕಟ್ಟಡ ಅಲ್ಲೇ ಇದೆ, ಜನವೂ ಇದ್ದಾರೆ. ಆಟೊ ಚಾಲಕರು, ಸುತ್ತಲಿನ ನಿವಾಸಿಗಳು ಅದನ್ನು ಇನ್ನೂ ಫೋರಂ ಎಂದೇ ಕರೆಯುತ್ತಾರೆ. ಬೆಂಗಳೂರು ಸೆಂಟ್ರಲ್ ನಡೆಸುತ್ತಿದ್ದ ಫ್ಯೂಚರ್ ಗ್ರೂಪ್ ಸಾಲದಲ್ಲಿ ಮುಳುಗಿದ ಮೇಲೆ ‘ಸೆಂಟ್ರಲ್’ ಎಂಬ ಹೆಸರು ಹಲವು ನಗರಗಳ ಗೋಡೆಗಳಿಂದ ಇಳಿಯಿತು.

ಅಮೆರಿಕದ ಮಾಲ್ ನೆನಪುಗಳಿಗೂ ಬೆಂಗಳೂರಿನವಕ್ಕೂ ವ್ಯತ್ಯಾಸವಿದೆ. ಅಲ್ಲಿ ನೂರಾರು ಮಾಲ್‌ಗಳು ಪಾಳುಬಿದ್ದಿವೆ. ಒಣಗಿದ ಕಾರಂಜಿ, ಹುಲ್ಲು ಬೆಳೆದ ಪಾರ್ಕಿಂಗ್ ಅಂಗಳಗಳ ಚಿತ್ರ ತೆಗೆಯುವವರದೇ ಒಂದು ಬಳಗವಿದೆ. 1985ರ ಮಾಲ್ ಒಂದನ್ನು ತೋರಿಸಲು ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯವರು ಜಾರ್ಜಿಯಾದ, ಬಹುಪಾಲು ಖಾಲಿಯಾಗಿದ್ದ ಗ್ವಿನೆಟ್ ಪ್ಲೇಸ್ ಮಾಲ್‌ನೊಳಗೆ ಹಳೆಯ ಅಂಗಡಿಗಳನ್ನು ಮರಳಿ ಕಟ್ಟಬೇಕಾಯಿತು. ಬೆಂಗಳೂರಿನಲ್ಲಿ ನೆಲದ ಬೆಲೆ ಅಂಥ ಪಾಳಿಗೆ ಅವಕಾಶ ಕೊಡುವುದು ಕಷ್ಟ. ಇಲ್ಲಿ ಕಟ್ಟಡ ಸಾಯುವ ಮೊದಲೇ ಮುಖ ಬದಲಿಸುತ್ತದೆ. 2018ರ ಕೊನೆಯ ದಿನ ಮುಚ್ಚಿದ ಬ್ರಿಗೇಡ್ ರಸ್ತೆಯ ರೆಕ್ಸ್ ಜಾಗದಲ್ಲಿ ಈಗ ನಿಂತಿರುವುದೂ ಮಾಲೇ. ಹಾಗಾಗಿ ಇಲ್ಲಿನ ಹಂಬಲಕ್ಕೆ ಹೋಗಿ ನಿಲ್ಲಲು ಒಂದು ಅವಶೇಷವೂ ಇಲ್ಲ.

ದಾಖಲೆಯೂ ತೆಳುವಾಗಿದೆ. ಕ್ಯಾಮೆರಾ ಹೊರತೆಗೆದರೆ ಸೆಕ್ಯೂರಿಟಿಯವರು ತಡೆಯುತ್ತಿದ್ದ ಕಾಲ ಅದು. ಇದ್ದ ಮೊಬೈಲ್ ಚಿತ್ರಗಳು ಮಸುಕು, ಅವೂ ಕೆಟ್ಟ ಫೋನುಗಳೊಂದಿಗೆ ಹೋದವು. ಯಾವ ಅಂತಸ್ತಿನಲ್ಲಿ ಯಾವ ಮಳಿಗೆಯಿತ್ತು ಎಂಬ ಪಟ್ಟಿಗಳು, ಆರಂಭದ ನಕ್ಷೆಗಳು, ಕಟ್ಟಡದ ಕಾಗದಪತ್ರಗಳು ಖಾಸಗಿ ಸಂಸ್ಥೆಗಳ ಸ್ವತ್ತು, ಒಡೆತನ ಕೈ ಬದಲಿಸಿದಂತೆ ಅವೂ ಚದುರುತ್ತವೆ. ಹಳೆಯ ಚಿತ್ರಮಂದಿರಗಳ ಕಥೆ ಹೇಳಲು ಅವುಗಳ ಆಪರೇಟರ್‌ಗಳು, ಗೇಟ್‌ಕೀಪರ್‌ಗಳು ಸಿಕ್ಕರು. ಮಾಲ್‌ಗಳಿಗೂ ಅಂಥವರಿದ್ದಾರೆ: ದಿನವಿಡೀ ನಿಂತೇ ಬಟ್ಟೆ ಮಡಿಸಿದ ಹುಡುಗಿಯರು, ಫುಡ್ ಕೋರ್ಟಿನ ಟ್ರೇ ಒರೆಸಿದವರು, ದೂರದ ಊರುಗಳಿಂದ ಬಂದು ಬಾಗಿಲಲ್ಲಿ ಸಮವಸ್ತ್ರ ತೊಟ್ಟು ನಿಂತವರು. 2004ರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದ ಅವರಿಗೆ ಈಗ ನಲವತ್ತು ದಾಟಿದೆ, ಹೆಚ್ಚಿನವರು ಬೇರೆ ಕೆಲಸಗಳಲ್ಲಿದ್ದಾರೆ. ಬೆಂಗಳೂರಿನ ಮೊದಲ ಮಾಲ್‌ಗಳ ಬಗ್ಗೆ ಬರೆಯಹೊರಡುವವರು ಮೊದಲು ಕೇಳಬೇಕಾದ್ದು ಇವರನ್ನು, ಏಕೆಂದರೆ ಅಲ್ಲಿಗೆ ಬಂದವರನ್ನೂ ಬರಲಾಗದವರನ್ನೂ ಹತ್ತಿರದಿಂದ ಕಂಡವರು ಇವರೇ.