ಕೆಂಪು ಮೂತಿ ಹುಳುವಿನ ಸಂತಾನಕ್ಕೆ ವಾಸನೆಯೇ ಆಧಾರ



ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಮನೆಯ ಲೆಕ್ಕಾಚಾರವೆಲ್ಲ ಅಟ್ಟದ ಮೇಲಿನ ಕೊಬ್ಬರಿಯನ್ನು ನಂಬಿ ನಿಂತಿದೆ. ಹತ್ತು ವರ್ಷ ನೀರೆರೆದು ಬೆಳೆಸಿದ ಮರ ಫಲಕ್ಕೆ ಬಂದ ಹೊತ್ತಿನಲ್ಲಿ ಸುಳಿ ವಾಲಿ ಒಣಗಿದರೆ ಆಗುವ ನಷ್ಟ ನಿಮಗೆ ತಿಳಿಯದ್ದಲ್ಲ. ಇಂಥ ಸಾವಿಗೆ ಅನೇಕ ವೇಳೆ ಕೆಂಪು ಮೂತಿ ಹುಳುವೇ ಕಾರಣ. ಬೇರೆ ಕೆಲವು ಕೀಟಗಳು ಇಳುವರಿಯನ್ನು ತಗ್ಗಿಸುತ್ತವೆ; ಇದು ಮರವನ್ನೇ ಕೊಲ್ಲುತ್ತದೆ. ಸಾಮಾನ್ಯವಾಗಿ 5 ರಿಂದ 20 ವರ್ಷದ ಮರಗಳು ಇದಕ್ಕೆ ತುತ್ತಾಗುತ್ತವೆ.

ಹುಳು ಒಳಗೆ ಸೇರುವ ಬಗೆ

ಹೆಣ್ಣು ಹುಳು ಮರದ ಗಾಯಗಳಲ್ಲಿ ಇನ್ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಕೆಲವೇ ದಿನಗಳಲ್ಲಿ ಹೊರಬರುವ ಕಾಲಿಲ್ಲದ ಮರಿಗಳು ಕಾಂಡದ ಮೃದು ಭಾಗವನ್ನು ತಿನ್ನುತ್ತಾ ಒಳಗೇ ಬೆಳೆಯುತ್ತವೆ. ಕಾಂಡದ ತೂತಿನಿಂದ ಕಂದು ರಸ ಸೋರುವುದು, ಅಗಿದ ನಾರು ಹೊರಬರುವುದು, ಕಿವಿಯಿಟ್ಟರೆ ಕರಕರ ಸದ್ದು ಕೇಳುವುದು ಇದರ ಗುರುತು. ಈ ಗುರುತುಗಳು ಕಾಣುವ ವೇಳೆಗೆ ಹಾನಿ ಬಹಳಷ್ಟು ಆಗಿರುತ್ತದೆ. ಆದ್ದರಿಂದ ಹುಳು ಮರಕ್ಕೆ ಬರುವ ಮೊದಲೇ ತಡೆಯುವುದು ಜಾಣತನ.

ಹುಳು ಮರವನ್ನೂ ಜೊತೆಗಾರನನ್ನೂ ಹುಡುಕುವುದು ಹೇಗೆ? ಮುಖ್ಯವಾಗಿ ವಾಸನೆಯಿಂದ. ಹಸಿ ಗಾಯದ ವಾಸನೆ ಅದನ್ನು ಸೆಳೆಯುತ್ತದೆ. ಮರ ಸೇರಿದ ಗಂಡು ಹುಳು ತಾನೂ ಒಂದು ವಾಸನೆಯನ್ನು ಬಿಡುತ್ತದೆ. ಆ ಕರೆಗೆ ಹೆಣ್ಣುಗಳೂ ಬರುತ್ತವೆ, ಇತರ ಗಂಡುಗಳೂ ಬರುತ್ತವೆ. ವಿಜ್ಞಾನಿಗಳು 1993 ರಲ್ಲಿ ಈ ವಾಸನಾ ವಸ್ತುವನ್ನು ಗುರುತಿಸಿ ಫೆರುಜಿನಿಯಾಲ್ ಎಂದು ಹೆಸರಿಟ್ಟರು.

ಮೀಸೆಯೊಳಗಿನ ಬೀಗ

ತಾಯಿ ತಂದೆಯರ ಆರೈಕೆಯಿಲ್ಲದೆ ಮರದೊಳಗೆ ಬೆಳೆದ ಹುಳುವಿಗೆ ಈ ಕರೆಯನ್ನು ಗುರುತಿಸಲು ಕಲಿಸಿದವರು ಯಾರು? ಯಾರೂ ಇಲ್ಲ. ಹಳ್ಳಿಕಾರ್ ಹೋರಿಯ ಮೈಕಟ್ಟು ಕರುವಿಗೆ ಇಳಿದು ಬರುವಂತೆ ಈ ಗುಣವೂ ವಂಶವಾಹಿಗಳ ಮೂಲಕ ಇಳಿದು ಬರುತ್ತದೆ. ಹುಳುವಿನ ಕುಡಿಮೀಸೆಯಲ್ಲಿ ವಾಸನೆ ಹಿಡಿಯುವ ಸೂಕ್ಷ್ಮ ಗ್ರಾಹಕಗಳಿವೆ. ಅವು ಬೀಗಗಳಿದ್ದಂತೆ, ವಾಸನೆಯೇ ಬೀಗದ ಕೈ. ಯಾವ ಬೀಗ ಹೇಗಿರಬೇಕೆಂಬುದನ್ನು ನಿರ್ಧರಿಸುವುದು ವಾಸನೆಯ ವಂಶವಾಹಿ.

ರೇಷ್ಮೆ ಚಿಟ್ಟೆಯಲ್ಲಿಯೂ ಹೀಗೆಯೇ. ಹೆಣ್ಣು ಚಿಟ್ಟೆಯ ಬಳಿ ಗಂಡು ರೆಕ್ಕೆ ಬಡಿಯುತ್ತಾ ಸುತ್ತುವುದನ್ನು ಬಿತ್ತನೆ ಕೋಠಿಯಲ್ಲಿ ನೀವು ನೋಡಿರಬಹುದು. ಆ ವಾಸನಾ ವಸ್ತು ಜರ್ಮನಿಯಲ್ಲಿ 1959 ರಲ್ಲಿ ಪತ್ತೆಯಾಯಿತು. ಕೀಟಗಳಲ್ಲಿ ಇಂಥ ವಸ್ತುವೊಂದನ್ನು ಗುರುತಿಸಿದ್ದು ಅದೇ ಮೊದಲು.

ನಮ್ಮ ಕಡೆಯ ಈ ಮೂತಿ ಹುಳು 1980 ರ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳನ್ನು ಸೇರಿ ಖರ್ಜೂರದ ತೋಟಗಳಿಗೆ ಕಂಟಕವಾಯಿತು. ಹೀಗಾಗಿ ಅಲ್ಲಿ ಸಂಶೋಧನೆ ಚುರುಕಾಯಿತು. ಹುಳುವಿನ ವಾಸನಾ ಗ್ರಾಹಕಗಳೆಲ್ಲಕ್ಕೂ ಜೊತೆಯಾಗಿ ನಿಲ್ಲುವ ಓರ್ಕೋ ಎಂಬ ಇನ್ನೊಂದು ಗ್ರಾಹಕವಿದೆ. ಬೀಗಗಳಿಗೆ ಬಾಗಿಲಿನ ಚೌಕಟ್ಟು ಇದ್ದಂತೆ ಇದು. ಇದರ ವಂಶವಾಹಿಯ ಕೆಲಸವನ್ನು ಪ್ರಯೋಗಾಲಯದಲ್ಲಿ ಅಡಗಿಸಿದಾಗ ಹುಳುಗಳು ಫೆರುಜಿನಿಯಾಲ್‌ಗೆ ಸರಿಯಾಗಿ ಸ್ಪಂದಿಸಲಿಲ್ಲವೆಂದು 2016 ರಲ್ಲಿ ವರದಿಯಾಯಿತು. ಫೆರುಜಿನಿಯಾಲ್ ಹಿಡಿಯುವ ಗ್ರಾಹಕವೇ ಯಾವುದೆಂದು 2021 ರಲ್ಲಿ ತಿಳಿಯಿತು. ಕರೆ ತಿಳಿಯದ ಹುಳುವಿಗೆ ಜೊತೆಗಾರ ಸಿಗುವುದು ಕಷ್ಟ, ಜೊತೆಯಿಲ್ಲದೆ ಸಂತಾನವಿಲ್ಲ. ಇದು ಪ್ರಯೋಗಾಲಯದ ಮಾತು. ಆದರೆ ಅದೇ ತತ್ವವನ್ನು ನೀವು ಇಂದೇ ಬಳಸಬಹುದು.

ತೋಟದಲ್ಲಿ ಮಾಡಬೇಕಾದ್ದು

1. ಗಾಯದ ವಾಸನೆಯನ್ನು ತಪ್ಪಿಸಿ. ಹಸಿರು ಗರಿಯನ್ನು ಕಡಿಯಲೇಬೇಕಾದರೆ ಕಾಂಡದಿಂದ ಸುಮಾರು ನಾಲ್ಕು ಅಡಿ ಮಟ್ಟೆ ಬಿಟ್ಟು ಕಡಿಯಿರಿ. ಕಾಂಡಕ್ಕೆ ಮಚ್ಚು, ನೇಗಿಲು ತಾಗಿದರೆ ಗಾಯಕ್ಕೆ ಡಾಂಬರು ಇಲ್ಲವೆ ಬೋರ್ಡೋ ಮುಲಾಮು ಹಚ್ಚಿ.

2. ಕುರುವಾಯಿ ದುಂಬಿಯನ್ನು ಹತೋಟಿಯಲ್ಲಿಡಿ. ಅದು ಸುಳಿಯಲ್ಲಿ ಕೊರೆದ ತೂತು ಮೂತಿ ಹುಳುವಿಗೆ ತೆರೆದ ಬಾಗಿಲು. ದುಂಬಿಯ ಮರಿಗಳು ಬೆಳೆಯುವುದು ತಿಪ್ಪೆಯಲ್ಲಿ. ಗೊಬ್ಬರ ತೆಗೆಯುವಾಗ ಅವುಗಳನ್ನು ಆರಿಸಿ ಕೊಲ್ಲಿ.

3. ಮೋಹಕ ಬಲೆ ಇಡಿ. ಒಂದು ಹೆಕ್ಟೇರಿಗೆ, ಎಂದರೆ ಎರಡೂವರೆ ಎಕರೆಗೆ, ಒಂದು ಬಲೆ ಸಾಕು. ಬಕೆಟ್ಟಿನ ಮೇಲ್ಭಾಗದಲ್ಲಿ ತೂತು ಮಾಡಿ, ಹುಳು ಹತ್ತಲು ಹೊರಗೆ ಗೋಣಿಪಟ್ಟೆ ಸುತ್ತಿ, ಒಳಗೆ ಮೋಹಕವನ್ನು ತೂಗುಹಾಕಿ. ತಳದಲ್ಲಿ ನೀರು, ಬೆಲ್ಲ, ಮಾಗಿದ ಬಾಳೆಹಣ್ಣು ಇರಲಿ. ಹಣ್ಣಿನ ವಾಸನೆ ಸೇರಿದರೆ ಸೆಳೆತ ಹೆಚ್ಚು. ವಾರಕ್ಕೊಮ್ಮೆ ಹುಳುಗಳನ್ನು ತೆಗೆದು ನೀರು, ಹಣ್ಣು ಬದಲಿಸಿ.

4. ಎಳೆಯ ಮರಗಳ ನಡುವೆ ಬಲೆ ಕಟ್ಟಬೇಡಿ. ಕರೆಗೆ ಬಂದ ಎಲ್ಲ ಹುಳುಗಳೂ ಬಲೆಗೆ ಬೀಳುವುದಿಲ್ಲ. ಉಳಿದವು ಪಕ್ಕದ ಮರವನ್ನು ಸೇರಬಹುದು. ತೋಟದ ಅಂಚು ಲೇಸು.

5. ಹುಳು ಹೊಕ್ಕು ಸತ್ತ ಮರವನ್ನು ಹಾಗೇ ಬಿಡದೆ ಕಡಿದು, ಸೀಳಿ, ಸುಡಿ.

ಮೋಹಕ ಕೊಳ್ಳುವಾಗ ಕೀಟದ ಹೆಸರನ್ನು ಹೇಳಿಯೇ ಕೊಳ್ಳಿ. ಕುರುವಾಯಿ ದುಂಬಿಗೆ ಬೇರೆ ವಾಸನೆ, ಕಪ್ಪು ತಲೆ ಹುಳುವಿಗೆ ಬೇರೆ. ಕಪ್ಪು ತಲೆ ಹುಳುವಿನ ಚಿಟ್ಟೆಯಲ್ಲಿ ಕರೆಯುವುದು ಹೆಣ್ಣು. ಬಲೆಗೆ ಬೀಳುವುದು ಗಂಡು. ಮೂತಿ ಹುಳುವಿನ ಬಲೆಯಲ್ಲಿ ಹೆಣ್ಣುಗಳೇ ಹೆಚ್ಚಾಗಿ ಬೀಳುತ್ತವೆ. ಮೊಟ್ಟೆಯಿಡಲಿದ್ದ ಒಂದು ಹೆಣ್ಣು ಬಿದ್ದರೂ ಅದರ ಸಂತಾನವೇ ನಿಂತಂತೆ.

ಹುಳುವಿಗೆ ಬೇಲಿ, ಬದು ಯಾವುದೂ ಅಡ್ಡಿಯಲ್ಲ. ಒಬ್ಬರೇ ಬಲೆ ಇಟ್ಟರೆ ನೆರೆಯ ತೋಟದ ಹುಳುಗಳೂ ಅಲ್ಲಿಗೇ ಬರುತ್ತವೆ. ಊರಿನವರೆಲ್ಲ ಕೂಡಿ ಒಂದೇ ಕಾಲಕ್ಕೆ ಇಟ್ಟರೆ ಎಲ್ಲರ ಮರವೂ ಉಳಿದೀತು. ಹೆಚ್ಚಿನ ವಿವರಗಳಿಗೆ ತಿಪಟೂರಿನ ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.