ತಿರುವಿನ ದೀಪವೂ ಒಂದು ಪುಟ್ಟ ಡಬ್ಬಿಯೂ

ಮಠದ ಪಾಠಶಾಲೆಯಲ್ಲಿ ಕೌಮುದಿಯನ್ನು ಕಲಿತು, ಮೂರು ದಶಕಗಳ ಕಾಲ ಅದನ್ನೇ ಮಕ್ಕಳಿಗೆ ಹೇಳಿಕೊಟ್ಟ ನನ್ನಂಥವನು ಮೋಟಾರ್ ಸೈಕಲ್ಲಿನ ವಿದ್ಯುತ್ ತಂತಿಗಳ ವಿಷಯವಾಗಿ ಬರೆಯಹೊರಟಿರುವುದು ಓದುಗ ಬಂಧುಗಳಿಗೆ ವಿಚಿತ್ರವೆನಿಸಬಹುದು. ಆದರೆ ಕಳೆದ ಕಾರ್ತಿಕ ಮಾಸದ ಒಂದು ಸಂಜೆ ನಮ್ಮ ಮನೆಯ ಹುಡುಗನು ಮುಂಗೈ ಮೂಳೆ ಮುರಿದುಕೊಂಡು ಬಂದನು. ಅದರ ಕಾರಣವನ್ನು ಹುಡುಕುತ್ತ ಹೋದಾಗ ತಿಳಿದ ಸಂಗತಿಯನ್ನು ನಾಲ್ಕು ಮನೆಗಳಿಗೆ ತಿಳಿಸದೆ ಇರುವುದು ಸರಿಯಲ್ಲವೆನಿಸಿತು. ಇಂದು ಮನೆಮನೆಯಲ್ಲಿಯೂ ಒಂದಲ್ಲ ಒಂದು ಗಾಡಿಯಿದೆ, ಅದಕ್ಕೆ ಎಲ್.ಇ.ಡಿ. ದೀಪಗಳನ್ನು ಹಾಕಿಸುವ ಉತ್ಸಾಹವೂ ಹುಡುಗರಲ್ಲಿದೆ.

ಗಾಡಿ ನನ್ನ ಅಣ್ಣನದು, ಯೆಜ್ಡಿ. ಮೈಸೂರಿನವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೋಟಾರ್ ಸೈಕಲ್ಲುಗಳು ತಯಾರಾಗತೊಡಗಿದವು. ಮೊದಲು ಚೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ ಎಂಬ ಹೆಸರಿನಿಂದ, ಅನಂತರ ಯೆಜ್ಡಿ ಎಂಬ ಹೆಸರಿನಿಂದ ಹೊರಬಂದು ದೇಶವನ್ನೆಲ್ಲ ಸುತ್ತಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ದುಡಿದಿದ್ದ ಅಣ್ಣನು ಬೇರೆ ಕೆಲಸ ಹಿಡಿದರೂ ಗಾಡಿಯನ್ನು ಮಾತ್ರ ಕೊನೆಯವರೆಗೆ ಬಿಡಲಿಲ್ಲ. ಅವನು ಲಿಂಗೈಕ್ಯನಾದ ಮೇಲೆ ಅದು ಅವನ ಮೊಮ್ಮಗನ ಪಾಲಿಗೆ ಬಂದಿತು. ಮೈಸೂರಿನಲ್ಲಿ ಇಂತಹ ಹಳೆಯ ಜಾವಾ, ಯೆಜ್ಡಿಗಳನ್ನು ಮಕ್ಕಳಂತೆ ಸಾಕುತ್ತಿರುವ ಮನೆಗಳು ಇಂದಿಗೂ ಬೇಕಾದಷ್ಟಿವೆ.

ಈ ಹಳೆಯ ಗಾಡಿಗಳ ಒಂದು ದೋಷವೆಂದರೆ ದೀಪದ ಬಡತನ. ಸಿಗ್ನಲ್ಲಿನಲ್ಲಿ ನಿಂತು ಎಂಜಿನ್ ನಿಧಾನವಾದೊಡನೆ ಬೆಳಕೂ ಕುಂದುತ್ತದೆ. ಬ್ಯಾಟರಿಯೂ ಚಿಕ್ಕದು. ಆದುದರಿಂದ ಹುಡುಗನು ನಾಲ್ಕು ಇಂಡಿಕೇಟರುಗಳಿಗೂ ಎಲ್.ಇ.ಡಿ. ಬಲ್ಬುಗಳನ್ನು ಹಾಕಿಸಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮಲ್ಲಿ ಬಹುತೇಕ ದ್ವಿಚಕ್ರ ವಾಹನಗಳ ಇಂಡಿಕೇಟರ್ ಬಲ್ಬು 12 ವೋಲ್ಟ್, 10 ವ್ಯಾಟಿನದು. ಹಿಂದಿನದೊಂದು, ಮುಂದಿನದೊಂದು ಸೇರಿದರೆ 20 ವ್ಯಾಟ್. ಎಂದರೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ವಿದ್ಯುತ್ತು. ಅದೇ ಕೆಲಸವನ್ನು ಎಲ್.ಇ.ಡಿ. ಒಂದೆರಡು ವ್ಯಾಟಿನಲ್ಲಿ ಮುಗಿಸುತ್ತದೆ. ತೊಂದರೆ ಹುಟ್ಟುವುದೂ ಈ ಮಿತವ್ಯಯದಿಂದಲೇ.

ಬಲ್ಬು ತಾನಾಗಿ ಮಿನುಗುವುದಿಲ್ಲ. ಅದನ್ನು ಮಿನುಗಿಸುವುದು ಫ್ಲಾಷರ್ ಅಥವಾ ಇಂಡಿಕೇಟರ್ ರಿಲೇ ಎಂಬ ಪುಟ್ಟ ಡಬ್ಬಿ. ಇಂಡಿಕೇಟರ್ ಹಾಕಿದಾಗ ಟಿಕ್ ಟಿಕ್ ಎಂದು ಕೇಳಿಸುವ ಸದ್ದು ಅದರದೇ. ಹಳೆಯ ಬಗೆಯ ಡಬ್ಬಿಯೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ತಗಡಿರುತ್ತದೆ. ಬಲ್ಬಿಗೆ ಹೋಗುವ ವಿದ್ಯುತ್ತೇ ಅದನ್ನು ಕಾಯಿಸುತ್ತದೆ. ಕಾದ ತಗಡು ಬಾಗುತ್ತದೆ, ಸಂಪರ್ಕ ಕಡಿಯುತ್ತದೆ, ದೀಪ ಆರುತ್ತದೆ. ತಣಿದೊಡನೆ ನೆಟ್ಟಗಾಗುತ್ತದೆ, ದೀಪ ಹೊತ್ತುತ್ತದೆ. ಒಂದೂಮುಕ್ಕಾಲು ಆಂಪಿಯರಿಗೆಂದು ಹದಗೊಳಿಸಿದ ತಗಡಿಗೆ ಎಲ್.ಇ.ಡಿ.ಯ ಅಲ್ಪ ವಿದ್ಯುತ್ತಿನಿಂದ ಕಾವೇ ಏರದು. ಕಾವಿಲ್ಲದಿದ್ದರೆ ಬಾಗುವುದಿಲ್ಲ, ಬಾಗದಿದ್ದರೆ ದೀಪ ಆರುವುದಿಲ್ಲ. ನಮ್ಮ ಗಾಡಿಯಲ್ಲಿಯೂ ಮೊದಲು ಆದದ್ದು ಅದೇ. ಇಂಡಿಕೇಟರ್ ಹಾಕಿದರೆ ದೀಪವು ನಂದಾದೀಪದಂತೆ ಸ್ಥಿರವಾಗಿ ಉರಿಯುತ್ತಿತ್ತು!

ಕಾರುಗಳಲ್ಲಿ ಇದರ ಲಕ್ಷಣವೇ ಬೇರೆ. ಅವುಗಳಲ್ಲಿ ಎಲೆಕ್ಟ್ರಾನಿಕ್ ಫ್ಲಾಷರ್ ಬಂದು ಬಹಳ ಕಾಲವಾಯಿತು. ಒಂದು ಬಲ್ಬು ಸುಟ್ಟುಹೋದರೆ ವಿದ್ಯುತ್ತು ಕಡಿಮೆಯಾದುದನ್ನು ಅದು ಅಳೆದು, ಇಮ್ಮಡಿ ವೇಗದಲ್ಲಿ ಮಿನುಗಿಸಿ ಚಾಲಕನನ್ನು ಎಚ್ಚರಿಸುತ್ತದೆ. 21 ವ್ಯಾಟಿನ ಬಲ್ಬಿನ ಜಾಗದಲ್ಲಿ ಎಲ್.ಇ.ಡಿ. ಇಟ್ಟರೆ, ಬಲ್ಬು ಸುಟ್ಟಿತೆಂದೇ ಅದು ಭಾವಿಸಿ ಗಡಿಬಿಡಿಯಿಂದ ಮಿನುಗುತ್ತದೆ. ಎಲ್.ಇ.ಡಿ. ಹಾಕಿದ ಮೇಲೆ ಇಂಡಿಕೇಟರ್ ಹುಚ್ಚು ಹಿಡಿದಂತೆ ಆಡುತ್ತದೆ ಎಂದು ಕಾರಿನವರು ದೂರುವುದರ ಮರ್ಮ ಇಷ್ಟೇ.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಎಲ್.ಇ.ಡಿ.ಗೆಂದೇ ಮಾಡಿದ ಎಲೆಕ್ಟ್ರಾನಿಕ್ ಫ್ಲಾಷರನ್ನು ಹಾಕುವುದು. ಎಷ್ಟು ವಿದ್ಯುತ್ತು ಹರಿಯುತ್ತಿದೆಯೆಂಬುದನ್ನು ಅದು ಲೆಕ್ಕಿಸದೆ ತನ್ನ ಒಳಗಿನ ಗಡಿಯಾರದಂತೆ ಮಿನುಗಿಸುತ್ತದೆ. ಇನ್ನೊಂದು, ಪ್ರತಿಯೊಂದು ಎಲ್.ಇ.ಡಿ.ಯ ಪಕ್ಕದಲ್ಲಿಯೂ ರೆಸಿಸ್ಟರ್ ಜೋಡಿಸಿ ಹಳೆಯ ಬಲ್ಬಿನ ಭಾರವನ್ನು ಕೃತಕವಾಗಿ ತೋರಿಸುವುದು. 21 ವ್ಯಾಟಿನ ಬಲ್ಬಿಗೆ 6 ಓಮ್, 50 ವ್ಯಾಟಿನ ರೆಸಿಸ್ಟರುಗಳನ್ನು ಅಂಗಡಿಗಳಲ್ಲಿ ಕೊಡುತ್ತಾರೆ. ಈ ಎರಡನೆಯ ಮಾರ್ಗ ನನಗೆ ರುಚಿಸುವುದಿಲ್ಲ. ಎಂಜಿನ್ ಓಡುವಾಗಿನ 14 ವೋಲ್ಟಿನಲ್ಲಿ ಅಂತಹ ರೆಸಿಸ್ಟರು ದೀಪ ಉರಿಯುವ ಹೊತ್ತಿನಲ್ಲಿ 30 ವ್ಯಾಟಿಗೂ ಮಿಕ್ಕಿದ ಶಾಖವನ್ನು ಕಾರುತ್ತದೆ. ಮುಟ್ಟಿದರೆ ಬೊಬ್ಬೆ ಏಳುತ್ತದೆ, ಪ್ಲಾಸ್ಟಿಕ್ಕಿಗೆ ತಗುಲಿದರೆ ಕರಗಿಸುತ್ತದೆ. ಉಳಿಸಹೊರಟ ವಿದ್ಯುತ್ತನ್ನು ಮತ್ತೆ ಬೂದಿಯಲ್ಲಿ ಹೋಮ ಮಾಡಿದಂತೆ. ಆದರೆ ಇತ್ತೀಚಿನ ಅನೇಕ ಕಾರುಗಳಲ್ಲಿ ಬೇರೆ ಡಬ್ಬಿಯೇ ಇರುವುದಿಲ್ಲ, ಗಾಡಿಯ ಕಂಪ್ಯೂಟರೇ ಆ ಕೆಲಸವನ್ನು ಮಾಡುತ್ತದೆ. ಅಂತಹವುಗಳಿಗೆ ರೆಸಿಸ್ಟರು ಅನಿವಾರ್ಯ. ಹಾಕಿಸಲೇಬೇಕಾದರೆ ಲೋಹದ ಮೈಗೆ ತಿರುಪಿನಿಂದ ಬಿಗಿಸಬೇಕು. ಹಾಕಿಸದೆ ಹಳೆಯ ಬಲ್ಬಿನಲ್ಲಿಯೇ ಇರುವುದು ಇನ್ನೂ ಲೇಸು.

ನಮ್ಮ ಹುಡುಗನು ಮೊದಲನೆಯ ಮಾರ್ಗವನ್ನೇ ಹಿಡಿದನು. ಅಂಗಡಿಯವರು ಎರಡು ಕಾಲಿನ ಎಲ್.ಇ.ಡಿ. ಫ್ಲಾಷರ್ ಹಾಕಿಕೊಟ್ಟರು, ದೀಪಗಳು ಮಿನುಗಿದವು. ಆದರೆ ಬಲಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತವೆ, ಎಡಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತವೆ! ಹುಡುಗ ಕೇಳಿದ್ದಕ್ಕೆ, "ಮಿನುಗುತ್ತಿದೆಯಲ್ಲ, ಮತ್ತೇನು?" ಎಂದು ಹೇಳಿ ಕಳುಹಿಸಿದರಂತೆ.

ವ್ಯಾಕರಣದಲ್ಲಿ ಸಂಜ್ಞೆ ಎಂಬ ಮಾತಿದೆ. ಹೇಳುವವನೂ ಕೇಳುವವನೂ ಒಂದೇ ಅರ್ಥವನ್ನು ಒಪ್ಪಿಕೊಂಡಿದ್ದರೆ ಮಾತ್ರ ಸಂಜ್ಞೆಯಿಂದ ಕೆಲಸವಾಗುತ್ತದೆ. ನಾಲ್ಕೂ ದೀಪ ಮಿನುಗಿದರೆ, ಕೆಟ್ಟು ನಿಂತ ಗಾಡಿ, ಅಪಾಯವಿದೆ ಎಂಬುದು ಲೋಕದ ಒಪ್ಪಂದ. ಕೆಲವರು ನೆಟ್ಟಗೆ ಹೋಗುತ್ತೇನೆಂದು ತಿಳಿಸಲೂ ನಾಲ್ಕನ್ನೂ ಹಾಕುತ್ತಾರೆ. ಅದು ತಪ್ಪು ರೂಢಿ. ಮಡಿಕೇರಿಯ ಕಡೆಗೆ ಹೋಗುವ ಹುಣಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಮ್ಮ ಹಿನಕಲ್ಲಿನಲ್ಲಿ ಸಂಜೆಯ ಹೊತ್ತು ವಾಹನಗಳ ಸಂದಣಿ ಹೇಗಿರುತ್ತದೆಂಬುದು ಇಲ್ಲಿ ಓಡಾಡುವವರಿಗೆಲ್ಲ ತಿಳಿದಿದೆ. ಮೇಲುಸೇತುವೆ ಬಂದ ಮೇಲೆ ನೇರ ಹೋಗುವವರಿಗೆ ಸುಖವಾಯಿತು; ಊರೊಳಕ್ಕೆ ತಿರುಗುವವರ ಪಾಡು ಹಾಗೆಯೇ ಉಳಿಯಿತು. ಹುಡುಗನು ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದನು. ಹಿಂದಿನ ಸ್ಕೂಟರಿನವರು ನಾಲ್ಕು ದೀಪವನ್ನೂ ಕಂಡು, ಗಾಡಿ ನಿಲ್ಲುತ್ತಿದೆಯೆಂದು ಭಾವಿಸಿ ಬಲದಿಂದಲೇ ಮುಂದೆ ಸಾಗಿದರು. ಇಬ್ಬರೂ ಬಿದ್ದರು. ಆ ಸ್ಕೂಟರಿನ ಹಿಂದೆ ಕುಳಿತಿದ್ದ ಹೆಣ್ಣುಮಗಳ ಮಡಿಲಲ್ಲಿ ಮಗುವಿತ್ತು. ಮಗುವಿಗೆ ಏನೂ ಆಗಲಿಲ್ಲವೆಂಬುದನ್ನು ನೆನೆದಾಗಲೆಲ್ಲ ಇಂದಿಗೂ ನನ್ನ ಕೈ ತಾನಾಗಿ ಎದೆಯ ಮೇಲಿನ ಲಿಂಗವನ್ನು ಮುಟ್ಟುತ್ತದೆ.

ಸಿಟ್ಟಿನಿಂದ ನಾನು, ಆ ಹೊಸ ದೀಪಗಳನ್ನು ಕಿತ್ತೆಸೆಯಿರಿ ಎಂದೆ. ತಡೆದವರು ಅಣ್ಣನೊಡನೆ ಅದೇ ಕಾರ್ಖಾನೆಯಲ್ಲಿ ದುಡಿದು, ಈಗ ಮನೆಯಲ್ಲಿಯೇ ಗಾಡಿಗಳ ವೈರಿಂಗ್ ಮಾಡಿಕೊಂಡಿರುವ ಹಿರಿಯರೊಬ್ಬರು. "ದೀಪದ ತಪ್ಪಲ್ಲ ಮೇಷ್ಟ್ರೇ, ಮೀಟರಿನ ಬಲ್ಬಿನ ತಪ್ಪು" ಎಂದು ಹೇಳಿ, ಮೀಟರಿನಲ್ಲಿದ್ದ ಸಣ್ಣ ಇಂಡಿಕೇಟರ್ ಬಲ್ಬನ್ನು ಹೊರಗೆಳೆದರು. ಒಡನೆಯೇ ಬಲಕ್ಕೆ ಹಾಕಿದರೆ ಬಲದವೆರಡೇ ಮಿನುಗಿದವು! ಅನಂತರ ಅವರು ವಿವರಿಸಿದ ಬಗೆ ಯಾವ ಟೀಕಾಕಾರನಿಗೂ ಕಡಿಮೆಯಿರಲಿಲ್ಲ.

ಹಳೆಯ ಗಾಡಿಗಳ ಮೀಟರಿನಲ್ಲಿ ಎಡ-ಬಲ ಎರಡಕ್ಕೂ ಸೇರಿ ಒಂದೇ ಬಲ್ಬು. ಅದರ ಒಂದು ತಂತಿ ಎಡಸಾಲಿಗೆ, ಇನ್ನೊಂದು ಬಲಸಾಲಿಗೆ. ಬಲಕ್ಕೆ ಹಾಕಿದಾಗ ವಿದ್ಯುತ್ತು ಈ ಸಣ್ಣ ಬಲ್ಬನ್ನು ದಾಟಿ, ಎಡಭಾಗದ ಬಲ್ಬುಗಳ ಮೂಲಕ ಅರ್ಥಿಗೆ ಇಳಿಯುತ್ತದೆ. 10 ವ್ಯಾಟಿನ ಹಳೆಯ ಬಲ್ಬುಗಳಿಗೆ ಆ ಅಲ್ಪ ವಿದ್ಯುತ್ತು ಸಾಲದು. ಅವು ಕತ್ತಲಾಗಿಯೇ ಇದ್ದು ದಾರಿ ಬಿಡುತ್ತಿದ್ದವು. ಎಲ್.ಇ.ಡಿ.ಗೆ ಮಾತ್ರ ಅಷ್ಟೇ ಸಾಕು, ಬೆಳಗಿಬಿಡುತ್ತದೆ. ಎಡ-ಬಲಗಳಿಗೆ ಬೇರೆ ಬೇರೆ ಬಾಣದ ಗುರುತಿರುವ ಮೀಟರುಗಳಲ್ಲಿ ಸಾಮಾನ್ಯವಾಗಿ ಈ ತೊಡಕಿಲ್ಲ.

ಪರಿಹಾರ ಎರಡು ಡಯೋಡುಗಳು. 4007 ಎಂಬ ಅಂಕಿಯಿರುವ ಸಾಮಾನ್ಯ ಡಯೋಡ್ ರೇಡಿಯೊ ಬಿಡಿಭಾಗದ ಅಂಗಡಿಯಲ್ಲಿ ಚಹದ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಬೆಳ್ಳಿಯ ಗೆರೆಯಿರುವ ತುದಿ ಹೊರಬರುವ ದಿಕ್ಕು. ಎಡಸಾಲಿನ ತಂತಿಗೆ ಒಂದು, ಬಲಸಾಲಿನ ತಂತಿಗೆ ಒಂದು ಜೋಡಿಸಿ, ಗೆರೆಯಿರುವ ತುದಿಗಳೆರಡನ್ನೂ ಒಟ್ಟಿಗೆ ಬೆಸೆದು ಮೀಟರ್ ಬಲ್ಬಿನ ಒಂದು ತುದಿಗೆ ಕೊಡಬೇಕು. ಬಲ್ಬಿನ ಇನ್ನೊಂದು ತುದಿಯನ್ನು ಅರ್ಥಿಗೆ ಕೊಡಬೇಕು. ಬೆಸುಗೆಯ ಮೇಲೆ ಟೇಪು ಸುತ್ತುವುದನ್ನು ಮರೆಯಬಾರದು. ಅರ್ಧ ಗಂಟೆಯ ಕೆಲಸ.

ಫ್ಲಾಷರ್ ಬದಲಿಸುವವರು ಕೆಲವು ಮಾತುಗಳನ್ನು ಗಮನದಲ್ಲಿಡಬೇಕು. ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಬೇಕು. ಡಬ್ಬಿ ಎಲ್ಲಿದೆಯೆಂದು ತಿಳಿಯದಿದ್ದರೆ, ಬಿಚ್ಚುವ ಮೊದಲೇ ಇಂಡಿಕೇಟರ್ ಹಾಕಿ ಟಿಕ್ ಟಿಕ್ ಸದ್ದಿನ ಜಾಡು ಹಿಡಿಯಬಹುದು. ಡಬ್ಬಿಯ ಮೇಲೆ ಬಿ ಎಂದಿರುವುದು ಬ್ಯಾಟರಿಯ ತಂತಿಗೆ, ಎಲ್ ಎಂದಿರುವುದು ದೀಪಕ್ಕೆ ಹೋಗುವ ತಂತಿಗೆ. ಹಳೆಯ ಡಬ್ಬಿಯಲ್ಲಿ ಇವು ಅದಲುಬದಲಾದರೂ ನಡೆದೀತು, ಎಲೆಕ್ಟ್ರಾನಿಕ್ ಡಬ್ಬಿಯಲ್ಲಿ ನಡೆಯದು. ಮೂರನೆಯ ಕಾಲು ಇ ಎಂದಿದ್ದರೆ ಅದಕ್ಕೆ ಅರ್ಥ್ ಕೊಡಲೇಬೇಕು. ಮೊದಮೊದಲಿನ ಜಾವಾಗಳು 6 ವೋಲ್ಟಿನವು. ನಮ್ಮ ಗಾಡಿ 12 ವೋಲ್ಟಿನದು. ನೋಡದೆ ಕೊಂಡರೆ ಹಣ ದಂಡ. ಬಲ್ಬು ಹಳದಿ ಬೆಳಕಿನದೇ ಇರಲಿ. ಬಿಳಿಯ ಎಲ್.ಇ.ಡಿ.ಯನ್ನು ಹಳದಿ ಗಾಜಿನ ಹಿಂದೆ ಇಟ್ಟರೆ ಅದರೊಳಗಿನ ನೀಲಿಯ ಭಾಗವೆಲ್ಲ ಗಾಜಿನಲ್ಲಿಯೇ ಉಳಿದು ಬೆಳಕು ಪೇಲವವಾಗುತ್ತದೆ. ಹಳದಿ ಎಲ್.ಇ.ಡಿ. 1972ರಷ್ಟು ಹಳೆಯದು, ಬಿಳಿಯದಕ್ಕೆ ಆಧಾರವಾದ ನೀಲಿಯ ಶೋಧಕ್ಕಾಗಿ ಮೂವರು ಜಪಾನೀ ಮೂಲದ ವಿಜ್ಞಾನಿಗಳಿಗೆ ನೊಬೆಲ್ ಬಂದುದು 2014ರಲ್ಲಿ. ಇಲ್ಲಿ ನಮಗೆ ಬೇಕಾದುದು ಹಳೆಯದೇ.

ಕಾನೂನಿನ ಮಾತೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೆಯ ನಿಯಮವು ಇಂಡಿಕೇಟರ್ ಹಳದಿ ಬಣ್ಣದ್ದಾಗಿರಬೇಕೆಂದೂ, ನಿಮಿಷಕ್ಕೆ 60ಕ್ಕಿಂತ ಕಡಿಮೆಯಾಗದೆ 120ನ್ನು ಮೀರದೆ ಮಿನುಗಬೇಕೆಂದೂ ವಿಧಿಸುತ್ತದೆ. ಕೈಗಡಿಯಾರ ಹಿಡಿದು 15 ಸೆಕೆಂಡು ಎಣಿಸಿದರೆ 15ರಿಂದ 30ರ ಒಳಗೆ ಬರಬೇಕು. ಹೊಸ ಫ್ಲಾಷರಿನದು ಒಂದು ಕೊರತೆಯಿದೆ: ಒಂದು ದೀಪ ಕೆಟ್ಟರೂ ಅದು ಏನೂ ಆಗದಂತೆ ಮಿನುಗುತ್ತಲೇ ಇರುತ್ತದೆ. ಹಳೆಯ ಫ್ಲಾಷರಿನ ಲಯ ತಪ್ಪಿದಾಗ ಸವಾರನಿಗೆ ತಿಳಿಯುತ್ತಿತ್ತು. ಈಗ ಗಾಡಿಯನ್ನು ಸುತ್ತಿ ಕಣ್ಣಾರೆ ನೋಡಿಯೇ ತಿಳಿಯಬೇಕು.

ಹುಡುಗನ ಕೈಯ ಪಟ್ಟಿ ಬಿಚ್ಚಿ ಹದಿನೈದು ದಿನಗಳಾದವು. ಗಾಡಿಯನ್ನು ಹೊರತೆಗೆದ ಮೊದಲ ದಿನ ಬೀದಿಯಲ್ಲಿ ನಿಲ್ಲಿಸಿ, ಎಡ-ಬಲ ಹಾಕಿ, "ತಾತಾ, ನೋಡಿ ಹೇಳಿ" ಎಂದನು. ನಾನು ಜಗುಲಿಯ ಮೇಲೆ ಕುಳಿತು ಎಣಿಸಿದೆ. 15 ಸೆಕೆಂಡಿಗೆ 21.