ಬಂದ ಇಮೇಲ್ ಎಲ್ಲಿ ಹೋಯಿತು? ಫಿಲ್ಟರ್ ನಿಯಮಗಳ ದೋಷ ಹುಡುಕುವ ಕ್ರಮ

ಮಗನ ಕ್ಯಾಂಪಸ್ ಸಂದರ್ಶನ ಮುಗಿದಿದೆ. ಎರಡು ದಿನದಲ್ಲಿ ಪತ್ರ ಕಳುಹಿಸುವುದಾಗಿ ಕಂಪನಿಯವರು ಹೇಳಿದ್ದಾರೆ. ವಾರ ಕಳೆದರೂ ಇನ್‌ಬಾಕ್ಸ್‌ನಲ್ಲಿ ಏನೂ ಕಾಣುವುದಿಲ್ಲ. ಫೋನ್ ಮಾಡಿ ವಿಚಾರಿಸಿದರೆ, ಪತ್ರ ಕಳುಹಿಸಿ ಐದು ದಿನವಾಯಿತು, ಒಪ್ಪಿಗೆ ತಿಳಿಸಲು ನಾಳೆಯೇ ಕೊನೆಯ ದಿನ ಎಂಬ ಉತ್ತರ ಬರುತ್ತದೆ. ಗಾಬರಿಯಿಂದ ಹುಡುಕಿದಾಗ ಪತ್ರ ಟ್ರ್ಯಾಶ್‌ನಲ್ಲಿ ಸಿಗುತ್ತದೆ. ಅದನ್ನು ಅಲ್ಲಿಗೆ ಹಾಕಿದ್ದು ಮನೆಯವರೇ ಹಿಂದೊಮ್ಮೆ ಬರೆದಿಟ್ಟ ನಿಯಮ. ಮಾರಾಟದ ಜಾಹೀರಾತುಗಳ ಕಾಟ ತಪ್ಪಿಸಲು, ವಿಷಯದ ಸಾಲಿನಲ್ಲಿ ‘ಆಫರ್’ ಎಂಬ ಇಂಗ್ಲಿಷ್ ಪದ ಇದ್ದರೆ ಅಳಿಸಿಬಿಡು ಎಂದು ಕಂಪ್ಯೂಟರ್‌ಗೆ ಹೇಳಿದ್ದರು. ಕಂಪನಿಯ ಪತ್ರದ ವಿಷಯವೂ ‘ಆಫರ್ ಲೆಟರ್’ ಎಂದೇ ಇತ್ತು.

ಇಂತಹ ಪ್ರಸಂಗ ಯಾವ ಮನೆಯಲ್ಲೂ ನಡೆಯಬಹುದು. ಅಂಗಡಿಯ ಲೆಕ್ಕ, ಮಕ್ಕಳ ಕಾಲೇಜು, ವಿದ್ಯಾರ್ಥಿವೇತನ, ಸಮಾಜದ ಸಭೆಯ ನೋಟಿಸು ಎಲ್ಲವೂ ಒಂದೇ ವಿಳಾಸಕ್ಕೆ ಬರುವ ಕುಟುಂಬಗಳು ಬಹಳ. ಅಲ್ಲಿ ಫಿಲ್ಟರ್ ತುಂಬ ಉಪಯುಕ್ತ. ಆದರೆ ಅದು ಬರೆದವರ ಉದ್ದೇಶವನ್ನು ತಿಳಿಯುವುದಿಲ್ಲ, ಬರೆದ ಅಕ್ಷರವನ್ನು ಮಾತ್ರ ಪಾಲಿಸುತ್ತದೆ. ಆದ್ದರಿಂದ ಕಾಣದ ಇಮೇಲ್ ಹೆಚ್ಚಿನ ಸಂದರ್ಭಗಳಲ್ಲಿ ಕಳೆದುಹೋಗಿರುವುದಿಲ್ಲ. ನಿಯಮವೊಂದು ಅದನ್ನು ಬೇರೆಡೆ ಇಟ್ಟಿರುತ್ತದೆ.

ಮೊದಲು ಪತ್ರ, ನಂತರ ನಿಯಮ

ದೋಷ ಸರಿಪಡಿಸುವ ಮೊದಲು ಪತ್ರವನ್ನು ಹುಡುಕಿಕೊಳ್ಳಬೇಕು. ಜಿಮೇಲ್‌ನಲ್ಲಿ ಸ್ಪ್ಯಾಮ್ ಮತ್ತು ಟ್ರ್ಯಾಶ್‌ಗೆ ಹೋದದ್ದು 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ತಡಮಾಡಿದರೆ ಆ ಮೇಲೆ ನಿಯಮ ಸರಿಪಡಿಸಿದರೂ ಪತ್ರ ಮರಳುವುದಿಲ್ಲ.

ಜಿಮೇಲ್‌ನ ಸಾಮಾನ್ಯ ಹುಡುಕಾಟವು ಸ್ಪ್ಯಾಮ್ ಮತ್ತು ಟ್ರ್ಯಾಶ್‌ಗಳನ್ನು ನೋಡುವುದಿಲ್ಲ. ಹುಡುಕಾಟದ ಪಟ್ಟಿಯ ಬಲತುದಿಯ ಗುರುತನ್ನು ಒತ್ತಿ, ಎಲ್ಲಿ ಹುಡುಕಬೇಕು ಎಂಬ ಕಡೆ ‘ಮೇಲ್ ಆ್ಯಂಡ್ ಸ್ಪ್ಯಾಮ್ ಆ್ಯಂಡ್ ಟ್ರ್ಯಾಶ್’ ಆರಿಸಬೇಕು. ನಿಯಮ ಇನ್‌ಬಾಕ್ಸ್ ತಪ್ಪಿಸಿ ಆರ್ಕೈವ್ ಮಾಡಿದ್ದರೆ ಪತ್ರ ‘ಆಲ್ ಮೇಲ್’ನಲ್ಲಿ ಇರುತ್ತದೆ. ಔಟ್‌ಲುಕ್ ಮತ್ತು ಥಂಡರ್‌ಬರ್ಡ್ ಬಳಸುವವರು ಜಂಕ್, ಅಳಿಸಿದ ಪತ್ರಗಳ ಫೋಲ್ಡರ್ ಮತ್ತು ತಾವೇ ಮಾಡಿಕೊಂಡ ಉಪಫೋಲ್ಡರ್‌ಗಳನ್ನು ನೋಡಬೇಕು.

ಪತ್ರ ಸ್ಪ್ಯಾಮ್ ಅಥವಾ ಜಂಕ್‌ನಲ್ಲಿ ಸಿಕ್ಕರೆ ಅದು ಸೇವೆಯ ಸ್ವಂತ ತೀರ್ಮಾನ ಇರಬಹುದು. ಬೇರೆ ಫೋಲ್ಡರ್‌ನಲ್ಲಿ ಅಥವಾ ಟ್ರ್ಯಾಶ್‌ನಲ್ಲಿ ಸಿಕ್ಕರೆ ನಿಯಮದ ಮೇಲೆ ಅನುಮಾನ ಪಡಬೇಕು.

ನಿಯಮಗಳ ಪಟ್ಟಿ ಎಲ್ಲಿರುತ್ತದೆ?

ಜಿಮೇಲ್: ಸೆಟ್ಟಿಂಗ್ಸ್‌ನಲ್ಲಿ ‘ಸೀ ಆಲ್ ಸೆಟ್ಟಿಂಗ್ಸ್’ ಒತ್ತಿ, ‘ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್’ ತೆರೆಯಬೇಕು.

ಔಟ್‌ಲುಕ್‌ನ ಹಳೆಯ ಮಾದರಿ: ಹೋಮ್ ಪಟ್ಟಿಯಲ್ಲಿ ‘ರೂಲ್ಸ್’, ಅದರೊಳಗೆ ‘ಮ್ಯಾನೇಜ್ ರೂಲ್ಸ್ ಆ್ಯಂಡ್ ಅಲರ್ಟ್ಸ್’.

ಥಂಡರ್‌ಬರ್ಡ್: ‘ಟೂಲ್ಸ್’ ಮೆನುವಿನಲ್ಲಿ ‘ಮೆಸೇಜ್ ಫಿಲ್ಟರ್ಸ್’. ಮೆನು ಕಾಣದಿದ್ದರೆ ಆಲ್ಟ್ ಕೀ ಒತ್ತಬೇಕು. ಇಲ್ಲಿ ಪ್ರತಿ ಖಾತೆಗೂ ಬೇರೆ ಪಟ್ಟಿ ಇರುತ್ತದೆ. ಅಂಗಡಿಯ ಖಾತೆಯಲ್ಲಿ ಬರೆದ ನಿಯಮ ಮನೆಯ ಖಾತೆಗೆ ಅನ್ವಯಿಸುವುದಿಲ್ಲ. ‘ನಿಯಮ ಕೆಲಸ ಮಾಡುತ್ತಿಲ್ಲ’ ಎಂಬ ದೂರಿಗೆ ಕೆಲವೊಮ್ಮೆ ಇದೇ ಕಾರಣ.

ಸಾಮಾನ್ಯವಾಗಿ ಕಾಣುವ ಐದು ದೋಷಗಳು

1. ಪದ ತೀರಾ ಸಾಮಾನ್ಯವಾಗಿರುವುದು. ಆಫರ್ ಲೆಟರ್ ಪ್ರಸಂಗದ ದೋಷ ಇದೇ. ಥಂಡರ್‌ಬರ್ಡ್‌ನಲ್ಲಿ ‘ಕಂಟೇನ್ಸ್’ ಎಂದು ಕೊಟ್ಟರೆ ಪದದ ನಡುವೆ ಆ ಅಕ್ಷರಗಳು ಬಂದರೂ ನಿಯಮ ಹಿಡಿಯುತ್ತದೆ. ‘ಸಭೆ’ ಎಂದು ಬರೆದರೆ ‘ಮಹಾಸಭೆ’ಯೂ ಸಿಕ್ಕಿಬೀಳುತ್ತದೆ. ಪದಕ್ಕಿಂತ ಕಳುಹಿಸಿದವರ ಇಮೇಲ್ ವಿಳಾಸವನ್ನು ಆಧಾರ ಮಾಡಿಕೊಳ್ಳುವುದು ಲೇಸು. ವಿಳಾಸದ ಪಕ್ಕದಲ್ಲಿ ಕಾಣುವ ಹೆಸರನ್ನು ನಂಬಬಾರದು. ಒಬ್ಬರೇ ಇಂದು ಕನ್ನಡದಲ್ಲಿ, ನಾಳೆ ಇಂಗ್ಲಿಷ್‌ನಲ್ಲಿ ಹೆಸರು ಹಾಕಿಕೊಳ್ಳಬಹುದು.

2. ‘ಎಲ್ಲವೂ’ ಮತ್ತು ‘ಯಾವುದಾದರೂ’ ಅದಲುಬದಲಾಗುವುದು. ಥಂಡರ್‌ಬರ್ಡ್‌ನಲ್ಲಿ ಷರತ್ತುಗಳೆಲ್ಲವೂ ಹೊಂದಬೇಕೇ, ಯಾವುದಾದರೂ ಒಂದು ಸಾಕೇ ಎಂದು ಆರಿಸಬೇಕು. ಅಣ್ಣನಿಂದ ಬಂದದ್ದಲ್ಲ, ಅಕ್ಕನಿಂದ ಬಂದದ್ದಲ್ಲ ಎಂಬ ಎರಡು ಷರತ್ತು ಬರೆದು ‘ಯಾವುದಾದರೂ’ ಎಂದು ಆರಿಸಿದರೆ ಎಲ್ಲ ಪತ್ರಗಳೂ ಹೋಗುತ್ತವೆ. ಅಣ್ಣನ ಪತ್ರ ಅಕ್ಕನದಲ್ಲ, ಅಕ್ಕನ ಪತ್ರ ಅಣ್ಣನದಲ್ಲ. ಹಾಗಾಗಿ ಪ್ರತಿ ಪತ್ರವೂ ಒಂದಲ್ಲ ಒಂದು ಷರತ್ತಿಗೆ ಹೊಂದುತ್ತದೆ. ‘ಅಲ್ಲ’ ಎಂಬ ಷರತ್ತುಗಳಿದ್ದಾಗ ‘ಎಲ್ಲವೂ’ ಎಂದೇ ಆರಿಸಬೇಕು.

3. ಸಾಲಿನ ಕ್ರಮ ತಪ್ಪುವುದು. ಔಟ್‌ಲುಕ್ ಮತ್ತು ಥಂಡರ್‌ಬರ್ಡ್ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತವೆ. ಅಳಿಸುವ ನಿಯಮ ಮೇಲಿದ್ದು, ಕಾಲೇಜಿನ ಪತ್ರ ಉಳಿಸುವ ನಿಯಮ ಕೆಳಗಿದ್ದರೆ ಎರಡನೆಯದರ ಸರದಿ ಬರುವ ಮೊದಲೇ ಪತ್ರ ಹೋಗಿರುತ್ತದೆ. ಮುಖ್ಯ ಪತ್ರಗಳ ನಿಯಮವನ್ನು ಎಲ್ಲಕ್ಕಿಂತ ಮೇಲಿಟ್ಟು, ಔಟ್‌ಲುಕ್‌ನಲ್ಲಿ ‘ಸ್ಟಾಪ್ ಪ್ರೊಸೆಸಿಂಗ್ ಮೋರ್ ರೂಲ್ಸ್’, ಥಂಡರ್‌ಬರ್ಡ್‌ನಲ್ಲಿ ‘ಸ್ಟಾಪ್ ಫಿಲ್ಟರ್ ಎಕ್ಸಿಕ್ಯೂಷನ್’ ಸೇರಿಸಬೇಕು. ಜಿಮೇಲ್‌ನಲ್ಲಿ ಹೀಗೆ ಮೇಲು ಕೆಳಗಿನ ಕ್ರಮವಿಲ್ಲ. ಹೊಂದುವ ಫಿಲ್ಟರ್‌ಗಳೆಲ್ಲ ಅನ್ವಯವಾಗುತ್ತವೆ. ಅಲ್ಲಿ ಅಳಿಸುವ ಫಿಲ್ಟರನ್ನೇ ತಿದ್ದಬೇಕು. ‘ಡಸಂಟ್ ಹ್ಯಾವ್’ ಎಂಬ ಕಡೆ, ಬಿಡಬೇಕಾದ ಪದವನ್ನು ಬರೆಯಬಹುದು.

4. ಫೋಲ್ಡರ್ ಇಲ್ಲವಾಗುವುದು. ಪತ್ರ ಹೋಗಬೇಕಾದ ಫೋಲ್ಡರನ್ನು ಯಾರೋ ಅಳಿಸಿದ್ದರೆ ನಿಯಮಕ್ಕೆ ದಾರಿಯೇ ಇರುವುದಿಲ್ಲ. ಔಟ್‌ಲುಕ್ ಅಂತಹ ನಿಯಮವನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಹೊಸ ಫೋಲ್ಡರ್ ಆರಿಸಿ ಉಳಿಸಿದರೆ ಸಾಕು.

5. ಕಂಪ್ಯೂಟರ್ ಆಫ್ ಆಗಿರುವುದು. ಜಿಮೇಲ್‌ನ ಫಿಲ್ಟರ್ ಗೂಗಲ್‌ನ ಸರ್ವರ್‌ನಲ್ಲಿ ನಡೆಯುತ್ತದೆ, ಮನೆಯ ಕಂಪ್ಯೂಟರ್ ಮುಚ್ಚಿದ್ದರೂ ಕೆಲಸ ನಿಲ್ಲುವುದಿಲ್ಲ. ಥಂಡರ್‌ಬರ್ಡ್‌ನ ಫಿಲ್ಟರ್ ಆ ತಂತ್ರಾಂಶ ತೆರೆದಿರುವಾಗ ಮಾತ್ರ ನಡೆಯುತ್ತದೆ. ಔಟ್‌ಲುಕ್‌ನಲ್ಲಿ ನಿಯಮದ ಮುಂದೆ ‘ಕ್ಲೈಂಟ್ ಓನ್ಲಿ’ ಎಂದಿದ್ದರೆ ಅದಕ್ಕೂ ಇದೇ ಮಾತು.

ಫೋನಿನಲ್ಲಿ ಕಾಣದ ಪತ್ರ

ಅಪ್ಪ ಅಂಗಡಿಯ ಕಂಪ್ಯೂಟರ್‌ನಲ್ಲಿ, ಮಗಳು ಫೋನಿನಲ್ಲಿ ಒಂದೇ ಖಾತೆ ನೋಡುವ ಮನೆಗಳಲ್ಲಿ ಬೇರೊಂದು ತೊಡಕು ಬರುತ್ತದೆ. ಥಂಡರ್‌ಬರ್ಡ್‌ನಲ್ಲಿ ‘ಲೋಕಲ್ ಫೋಲ್ಡರ್ಸ್’ ಎಂಬ ವಿಭಾಗವಿದೆ. ಅದು ಆ ಕಂಪ್ಯೂಟರಿನ ಡಿಸ್ಕ್‌ನಲ್ಲಿ ಇರುವಂಥದ್ದು. ನಿಯಮವೊಂದು ಪತ್ರವನ್ನು ಸರ್ವರ್‌ನ ಇನ್‌ಬಾಕ್ಸ್‌ನಿಂದ ಅಲ್ಲಿಗೆ ಸರಿಸಿದರೆ ಫೋನಿನಲ್ಲಿ ಅದು ಇನ್‌ಬಾಕ್ಸ್‌ನಿಂದ ಮಾಯವಾಗುತ್ತದೆ. ಡಿಸ್ಕ್ ಕೆಟ್ಟರೆ ಪತ್ರವೂ ಹೋಗಬಹುದು. ಆದ್ದರಿಂದ ಖಾತೆಯ ಹೆಸರಿನ ಕೆಳಗಿರುವ ಫೋಲ್ಡರನ್ನೇ ಗುರಿಯಾಗಿ ಆರಿಸಬೇಕು.

ಪರೀಕ್ಷಿಸುವ ಕ್ರಮ

ಯಾವ ನಿಯಮ ತಪ್ಪಿತಸ್ಥ ಎಂದು ತಿಳಿಯದಿದ್ದರೆ ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ಎಲ್ಲವುಗಳ ಎದುರಿನ ಟಿಕ್ ಗುರುತು ತೆಗೆಯಬೇಕು. ಮನೆಯ ಬೇರೊಬ್ಬರ ವಿಳಾಸದಿಂದ, ಕಳೆದ ಪತ್ರದ ವಿಷಯವನ್ನೇ ಹಾಕಿ ಒಂದು ಪತ್ರ ಕಳುಹಿಸಿಕೊಳ್ಳಬೇಕು. ಅದು ಇನ್‌ಬಾಕ್ಸ್‌ಗೆ ಬಂದರೆ ನಿಯಮಗಳನ್ನು ಒಂದೊಂದಾಗಿ ಚಾಲೂ ಮಾಡುತ್ತ, ಪ್ರತಿ ಬಾರಿಯೂ ಹೊಸ ಪತ್ರ ಕಳುಹಿಸಬೇಕು. ಪತ್ರ ಕಾಣೆಯಾದ ಕ್ಷಣದಲ್ಲಿ ಚಾಲೂ ಮಾಡಿದ್ದೇ ತಪ್ಪು ನಿಯಮ. ಕಳುಹಿಸಿದವರ ವಿಳಾಸ ನೋಡುವ ನಿಯಮಕ್ಕೆ ಮಾತ್ರ ಈ ಪರೀಕ್ಷೆ ಸಾಲದು. ಅಂತಹ ನಿಯಮದಲ್ಲಿ ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಥಂಡರ್‌ಬರ್ಡ್‌ನಲ್ಲಿ ‘ಫಿಲ್ಟರ್ ಲಾಗ್’ ಚಾಲೂ ಮಾಡಿಟ್ಟರೆ ಯಾವ ಪತ್ರದ ಮೇಲೆ ಯಾವ ನಿಯಮ ನಡೆಯಿತು ಎಂಬ ದಾಖಲೆಯೇ ಸಿಗುತ್ತದೆ.

ತಾವು ಬರೆಯದ ನಿಯಮ ಕಂಡರೆ

ಪಟ್ಟಿಯಲ್ಲಿ ಮನೆಯವರು ಯಾರೂ ಬರೆಯದ ನಿಯಮ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಖಾತೆಗೆ ಕನ್ನ ಹಾಕಿದವರು ಬ್ಯಾಂಕಿನ ಎಚ್ಚರಿಕೆ ಪತ್ರಗಳನ್ನು ಅಳಿಸುವ, ಇಲ್ಲವೇ ಪತ್ರಗಳನ್ನು ತಮ್ಮ ವಿಳಾಸಕ್ಕೆ ರವಾನಿಸುವ ನಿಯಮ ಬರೆದಿಡುವುದುಂಟು. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಉಳಿದುಕೊಂಡಿರಬಹುದು. ಕೂಡಲೇ ನಿಯಮ ಅಳಿಸಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಚಾಲೂ ಮಾಡಬೇಕು. ಫಾರ್ವರ್ಡಿಂಗ್ ಸೆಟ್ಟಿಂಗ್‌ನಲ್ಲಿ ಅಪರಿಚಿತ ವಿಳಾಸ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಣ ಹೋಗಿದ್ದರೆ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡವಿಲ್ಲದೆ ತಿಳಿಸಬೇಕು.

ಮುಂದೆ ಹೀಗಾಗದಂತೆ

ಅಳಿಸುವ ನಿಯಮದ ಬದಲು ‘ಆಮೇಲೆ ನೋಡುವುದು’ ಎಂಬಂತಹ ಫೋಲ್ಡರ್‌ಗೆ ಸರಿಸುವ ನಿಯಮ ಬರೆಯುವುದು ಸುರಕ್ಷಿತ. ವಾರಕ್ಕೊಮ್ಮೆ ಅದರ ಮೇಲೆ ಕಣ್ಣಾಡಿಸಿದರೆ ಸಾಕು. ಪ್ರತಿ ನಿಯಮಕ್ಕೂ ಏಕೆ ಬರೆದದ್ದು ಎಂದು ತಿಳಿಯುವ ಹೆಸರಿಡಬೇಕು. ಮಕ್ಕಳ ಪ್ರವೇಶ, ಪರೀಕ್ಷೆ, ಕೆಲಸದ ಅರ್ಜಿ ಹಾಕುವ ದಿನವೇ ನಿಯಮಗಳ ಪಟ್ಟಿಯನ್ನು ಒಮ್ಮೆ ತೆರೆದು ನೋಡುವ ರೂಢಿ ಇದ್ದರೆ, ಕೊನೆಯ ದಿನದ ಹಿಂದಿನ ಸಂಜೆ ಟ್ರ್ಯಾಶ್‌ನಲ್ಲಿ ಪತ್ರ ಹುಡುಕುವ ಪ್ರಸಂಗ ಬರುವುದಿಲ್ಲ.